ಏಳು ವರ್ಷ, ಒಂದು ಆಲ್ಬಮ್: ಬೊಲೊನ್ಯಾದ ಎಲೆಕ್ಟ್ರೊಕ್ಯೂಷನ್

ಇಟಲಿಯ ಬೊಲೊನ್ಯಾ ನಗರದ ಎಲೆಕ್ಟ್ರೊಕ್ಯೂಷನ್ ಎಂಬ ಡೆತ್ ಮೆಟಲ್ ತಂಡದ ಮೊದಲ ಆಯುಷ್ಯವನ್ನು ಒಂದು ಅಂಚೆ ಕಾರ್ಡಿನ ಮೇಲೆ ಬರೆದು ಮುಗಿಸಬಹುದು. 1990ರಲ್ಲಿ ತಂಡ ಕಟ್ಟಿದರು, ಡೆಮೊ ಎಂಬ ಮಾದರಿ ಹಾಡುಗಳ ಕ್ಯಾಸೆಟ್ಟುಗಳನ್ನು ಮಾಡಿ ಹಂಚಿದರು, 1993ರಲ್ಲಿ 'ಇನ್‌ಸೈಡ್ ದಿ ಅನ್‌ರಿಯಲ್' ಎಂಬ ಒಂದೇ ಒಂದು ಪೂರ್ಣ ಆಲ್ಬಮ್ ತಂದರು, 1997ರಲ್ಲಿ ಚದುರಿಹೋದರು. ಕಾರ್ಡಿನಲ್ಲಿ ಇನ್ನೂ ಜಾಗ ಉಳಿಯುತ್ತದೆ. ಆದರೂ ಕಳೆದ ಹಲವು ವರ್ಷಗಳಿಂದ ನಾನು ಮತ್ತೆ ಮತ್ತೆ ಮರಳುವ ಕೆಲವೇ ಆಲ್ಬಮ್‌ಗಳಲ್ಲಿ ಇದೂ ಒಂದಾಗಿದೆ. ಇಷ್ಟು ಚೆನ್ನಾಗಿ ನುಡಿಸಬಲ್ಲವರು ಇಷ್ಟು ಬೇಗ ಏಕೆ ಮುಗಿದುಹೋದರು ಎಂಬ ಪ್ರಶ್ನೆ, ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ನನ್ನನ್ನು ಬಿಟ್ಟಿಲ್ಲ.

ಡೆತ್ ಮೆಟಲ್ ಕೇಳದವರಿಗಾಗಿ ಎರಡು ಮಾತು. ತಂತಿಗಳನ್ನು ಸಡಿಲಿಸಿ ಕೆಳಗಿನ ಶ್ರುತಿಗೆ ಇಳಿಸಿದ ಗಿಟಾರು, ಎರಡೂ ಪಾದಗಳಿಂದ ಬಡಿಯುವ ಬಾಸ್ ಡ್ರಮ್ಮು, ಕ್ಷಣಕ್ಕೊಮ್ಮೆ ಬದಲಾಗುವ ಗತಿ, ಇವೆಲ್ಲದರ ಮೇಲೆ ಗಂಟಲಿನ ಆಳದಿಂದ ಬರುವ ಗರ್ಜನೆ: ಇವು ಅದರ ಹೊರಲಕ್ಷಣಗಳು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮುನ್ನ ತೆರೆಯ ಹಿಂದಿನಿಂದ ಕೇಳುವ ಆರ್ಭಟಕ್ಕೆ ಎದೆ ಝಲ್ಲೆಂದ ಅನುಭವ ಇದ್ದವರಿಗೆ ಈ ಗರ್ಜನೆ ಅಷ್ಟೇನೂ ಪರಕೀಯವಾಗಿ ಕೇಳಬೇಕಾಗಿಲ್ಲ. ಅಲ್ಲಿಯೂ ಮಾತಿನ ಅರ್ಥಕ್ಕಿಂತ ಮೊದಲು ಧ್ವನಿಯ ತೂಕವೇ ನಮ್ಮನ್ನು ಮುಟ್ಟುತ್ತದೆ.

ಈ ತಂಡ ಶೂನ್ಯದಿಂದ ಉದ್ಭವಿಸಿದ್ದಲ್ಲ. ಇಟಲಿಯಲ್ಲಿ ಕರಾಳ ಸಂಗೀತಕ್ಕೆ ತನ್ನದೇ ಆದ ಪರಂಪರೆಯಿತ್ತು. ಪೆಸಾರೊ ಪಟ್ಟಣದ ಡೆತ್ ಎಸ್‌ಎಸ್ ತಂಡ 1977ರಲ್ಲೇ ಹುಟ್ಟಿತ್ತು. ಮಿಲಾನಿನ ಬುಲ್‌ಡೋಜರ್ 1985ರಲ್ಲಿ ತನ್ನ ಮೊದಲ ಆಲ್ಬಮ್ ತಂದಿತ್ತು. ಜಿನೋವಾದ ನೆಕ್ರೊಡೆತ್ 1987ರಲ್ಲಿ ತಂದ ಮೊದಲ ಆಲ್ಬಮ್ ದೇಶದ ಗಡಿ ದಾಟಿ ಕೈಯಿಂದ ಕೈಗೆ ಹೋಗಿತ್ತು. ದಕ್ಷಿಣದ ತುದಿಯಲ್ಲಿ, ಎಟ್ನಾ ಜ್ವಾಲಾಮುಖಿಯ ಬುಡದಲ್ಲಿರುವ ಕತಾನಿಯಾದಲ್ಲಿ ಸ್ಕಿಜೊ ಎಂಬ ತಂಡವಿತ್ತು. ಇವುಗಳ ಜೊತೆಗೆ ಎಂಬತ್ತರ ದಶಕದ ಇಟಾಲಿಯನ್ ಹಾರ್ಡ್‌ಕೋರ್ ಪಂಕ್ ಎಂಬ ದೊಡ್ಡ ಪ್ರವಾಹವೇ ಇತ್ತು. ಬೊಲೊನ್ಯಾ ಇರುವ ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದ ರಾ ಪವರ್ ತಂಡ ಅಮೆರಿಕದವರೆಗೂ ಹೋಗಿ ನುಡಿಸಿ ಬಂದಿತ್ತು. ಹಣವಿಲ್ಲದೆ, ದೊಡ್ಡ ಕಂಪನಿಗಳ ಹಂಗಿಲ್ಲದೆ, ಅಂಚೆಯನ್ನೊಂದೇ ನಂಬಿ ಸಂಗೀತವನ್ನು ಊರೂರಿಗೆ ತಲುಪಿಸುವ ವಿದ್ಯೆಯನ್ನು ಮೆಟಲ್ ಹುಡುಗರು ಬಹುಮಟ್ಟಿಗೆ ಕಲಿತದ್ದು ಈ ಪಂಕ್ ಅಣ್ಣಂದಿರಿಂದಲೇ.

ಬೊಲೊನ್ಯಾದ ಬಗ್ಗೆಯೂ ಹೇಳಬೇಕು. ಇಟಾಲಿಯನ್ನರು ಈ ನಗರವನ್ನು ವಿದ್ಯಾವಂತೆ, ದಢೂತಿ, ಕೆಂಪಿ ಎಂಬ ಮೂರು ಅಡ್ಡಹೆಸರುಗಳಿಂದ ಕರೆಯುತ್ತಾರೆ. ವಿದ್ಯಾವಂತೆ ಎನ್ನುವುದು 1088ರಿಂದ ನಡೆದುಬಂದಿದೆಯೆಂದು ಹೇಳಲಾಗುವ ವಿಶ್ವವಿದ್ಯಾಲಯದಿಂದ, ದಢೂತಿ ಎನ್ನುವುದು ಊಟದ ವೈಭವದಿಂದ, ಕೆಂಪಿ ಎನ್ನುವುದು ಗೋಡೆ ಮತ್ತು ಹೆಂಚುಗಳ ಬಣ್ಣದಿಂದಲೂ ಎಡಪಂಥೀಯ ರಾಜಕಾರಣದಿಂದಲೂ ಬಂದದ್ದು. ವಿದ್ಯಾರ್ಥಿಗಳಿಂದ ತುಂಬಿದ ಊರು. ಪಾಳುಬಿದ್ದ ಕಟ್ಟಡಗಳಿಗೆ ನುಗ್ಗಿ ಅವನ್ನು ಸಂಗೀತದ, ಸಭೆಯ, ಅಗ್ಗದ ಊಟದ ತಾಣಗಳಾಗಿ ಪರಿವರ್ತಿಸುವ 'ಚೆಂತ್ರೊ ಸೊಚಾಲೆ' ಚಳವಳಿ ಇಲ್ಲಿ ಜೋರಾಗಿತ್ತು. 1988ರಿಂದ 1991ರವರೆಗೆ ನಡೆದ 'ಈಜೊಲಾ ನೆಲ್ ಕಾಂತಿಯೆರೆ' ಎಂಬ ತಾಣ ಅಲ್ಲಿನ ಪಂಕ್ ಮತ್ತು ಹಿಪ್‌ಹಾಪ್ ಹುಡುಗರಿಗೆಲ್ಲ ಶಾಲೆಯಂತಿತ್ತು. ಎಲೆಕ್ಟ್ರೊಕ್ಯೂಷನ್ ಹುಟ್ಟಿದ್ದು ಸರಿಯಾಗಿ ಆ ವರ್ಷಗಳಲ್ಲಿ. ಪ್ರವಾಸಿಗರು ಇಂದು ಫೋಟೊ ತೆಗೆದುಕೊಳ್ಳುವ ಬೊಲೊನ್ಯಾದ ಕಮಾನು ಮೊಗಸಾಲೆಗಳು 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಆದರೆ ಈ ಬಗೆಯ ಸಂಗೀತದ ಬಾಳು ನಡೆದದ್ದು ಬಾಗಿಲು ಮುಚ್ಚಿದ, ಕಿಟಕಿಯಿಲ್ಲದ ಅಭ್ಯಾಸದ ಕೋಣೆಗಳಲ್ಲಿ, ಇಟಾಲಿಯನ್ನರು 'ಸಾಲಾ ಪ್ರೊವೆ' ಎನ್ನುವ ಜಾಗಗಳಲ್ಲಿ.

ಅಂಚೆಯ ವಿಷಯ ನನಗೆ ತುಂಬ ಪ್ರಿಯವಾದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1990ರಲ್ಲಿ ಇಟಲಿಯ ಹುಡುಗನೊಬ್ಬನಿಗೆ ಫ್ಲಾರಿಡಾದ ಅಥವಾ ಸ್ಟಾಕ್‌ಹೋಮಿನ ತಂಡವೊಂದರ ಡೆಮೊ ಬೇಕಿದ್ದರೆ, ವಿಳಾಸ ಹುಡುಕಿ ಪತ್ರ ಬರೆಯಬೇಕಿತ್ತು. ಜೆರಾಕ್ಸ್ ಮಾಡಿದ ಸಣ್ಣ ಪತ್ರಿಕೆಗಳಲ್ಲಿ ವಿಳಾಸಗಳು ಸಿಗುತ್ತಿದ್ದವು. ಪತ್ರದೊಳಗೆ ನೋಟು ಮಡಚಿಟ್ಟು, ಬೆಳಕಿಗೆ ಹಿಡಿದರೆ ಕಾಣದಂತೆ ಕಾರ್ಬನ್ ಕಾಗದವನ್ನೋ ದಪ್ಪ ರಟ್ಟನ್ನೋ ಸುತ್ತುತ್ತಿದ್ದರು. ಇಲ್ಲವೇ ಅಂತರರಾಷ್ಟ್ರೀಯ ಉತ್ತರ ಕೂಪನ್ ಇಡುತ್ತಿದ್ದರು. ಯಾವ ದೇಶದ ಅಂಚೆ ಕಚೇರಿಯಲ್ಲಾದರೂ ಕೊಟ್ಟು ಅಲ್ಲಿನ ಅಂಚೆಚೀಟಿ ಪಡೆಯಬಹುದಾಗಿದ್ದ ಈ ಕೂಪನ್ನಿನ ವ್ಯವಸ್ಥೆಗೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ, ಇಟಲಿಯದೇ ರಾಜಧಾನಿ ರೋಮಿನಲ್ಲಿ ಸೇರಿದ್ದ ವಿಶ್ವ ಅಂಚೆ ಒಕ್ಕೂಟದ ಸಮ್ಮೇಳನದಲ್ಲಿ. ಆ ಗಣ್ಯರಿಗೆ ತಮ್ಮ ಕೂಪನ್ನು ಮುಂದೊಂದು ದಿನ ಶವ, ಸಮಾಧಿ, ಕೊಳೆತ ಮಾಂಸಗಳ ಹಾಡುಗಳನ್ನು ಖಂಡದಿಂದ ಖಂಡಕ್ಕೆ ಹೊರಲಿದೆಯೆಂಬ ಕಲ್ಪನೆ ಖಂಡಿತ ಇದ್ದಿರಲಾರದು.

ಇನ್ನೊಂದು ಉಪಾಯವಿತ್ತು. ಲಕೋಟೆಗೆ ಅಂಟಿಸಿದ ಅಂಚೆಚೀಟಿಯ ಮೇಲೆ ತೆಳುವಾಗಿ ಅಂಟನ್ನೋ ಸಾಬೂನನ್ನೋ ಸವರಿ ಒಣಗಿಸಿದರೆ, ಅಂಚೆ ಕಚೇರಿಯ ಮುದ್ರೆಯ ಶಾಯಿ ಆ ಪೊರೆಯ ಮೇಲೆ ಕೂರುತ್ತದೆ. ಪಡೆದವನು ಚೀಟಿಯನ್ನು ನೀರಿನಲ್ಲಿ ನೆನೆಸಿದಾಗ ಪೊರೆಯೊಡನೆ ಶಾಯಿಯೂ ಕಳಚಿ, ಚೀಟಿ ಹೊಸದರಂತೆ ಹೊರಬರುತ್ತದೆ. 'ನನ್ನ ಸ್ಟಾಂಪುಗಳನ್ನು ವಾಪಸು ಕಳಿಸು' ಎಂಬ ಕೋರಿಕೆ ಅಂದಿನ ಕ್ಯಾಸೆಟ್ ವಿನಿಮಯದ ಪತ್ರಗಳಲ್ಲಿ ನಮಸ್ಕಾರದಷ್ಟೇ ಸಾಮಾನ್ಯವಾಗಿತ್ತು. ಅಂಚೆ ಇಲಾಖೆಗೆ ಇದು ಮೋಸವೇ ಸರಿ, ಸಮರ್ಥಿಸುವುದಿಲ್ಲ. ಆದರೆ ಒಂದೇ ಚೀಟಿ ಐದಾರು ಬಾರಿ ಆಲ್ಪ್ಸ್ ದಾಟಿ ಹೋಗಿ ಬಂದು, ಅಂಚುಗಳ ಹಲ್ಲು ಸವೆದು, ಬಣ್ಣ ಮಾಸಿ, ಮತ್ತೆ ಹೊಸ ಲಕೋಟೆಯ ಮೇಲೆ ಕೂರುವುದನ್ನು ಊಹಿಸಿಕೊಂಡಾಗ, ಈ ಸಂಗೀತದ ಅರ್ಥವ್ಯವಸ್ಥೆ ಎಷ್ಟು ಬಡತನದ್ದಾಗಿತ್ತು ಮತ್ತು ಎಷ್ಟು ಹಟದ್ದಾಗಿತ್ತು ಎಂಬುದು ಅಂಕಿ ಅಂಶಗಳಿಲ್ಲದೆಯೂ ತಿಳಿಯುತ್ತದೆ. ಎಲೆಕ್ಟ್ರೊಕ್ಯೂಷನ್‌ನ ಡೆಮೊಗಳು ಓಡಾಡಿದ್ದು ಈ ಲೋಕದಲ್ಲಿ.

ಆದರೆ ಕ್ಯಾಸೆಟ್ಟಿನಿಂದ ಆಲ್ಬಮ್ಮಿಗೆ ಹೋಗಲು ಒಂದು ಲೇಬಲ್, ಅಂದರೆ ಅಚ್ಚು ಹಾಕಿಸಿ ಮಾರುವ ಕಂಪನಿ, ಬೇಕು. ಡೆತ್ ಮೆಟಲ್ ಆ ಹೊತ್ತಿಗೆ ಭೂಪಟದಲ್ಲಿ ಸ್ಪಷ್ಟವಾದ ರಾಜಧಾನಿಗಳನ್ನು ಪಡೆದುಬಿಟ್ಟಿತ್ತು. ಫ್ಲಾರಿಡಾದ ಟ್ಯಾಂಪಾದಲ್ಲಿ ಮಾರಿಸೌಂಡ್ ಸ್ಟುಡಿಯೊ ಇತ್ತು, ಅಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವ ಸ್ಕಾಟ್ ಬರ್ನ್ಸ್ ಇದ್ದರು. ಸ್ಟಾಕ್‌ಹೋಮಿನಲ್ಲಿ ಸನ್‌ಲೈಟ್ ಸ್ಟುಡಿಯೊ ಇತ್ತು, ಅಲ್ಲಿ ಅದೇ ಕೆಲಸಕ್ಕೆ ತೋಮಸ್ ಸ್ಕೋಗ್ಸ್‌ಬೆರಿ ಇದ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಇಯರೇಕ್ ಎಂಬ ಲೇಬಲ್ ಇತ್ತು. ಈ ಊರುಗಳ ತಂಡವೆಂದರೆ ಕೇಳುವ ಮೊದಲೇ ಅರ್ಧ ಒಪ್ಪಿಗೆ. ಇಟಲಿಯ ತಂಡವೆಂದರೆ ಕೇಳಿದ ಮೇಲೂ ಅನುಮಾನ. ಎಲೆಕ್ಟ್ರೊಕ್ಯೂಷನ್‌ಗೆ ಕೊನೆಗೆ ಒಲಿದದ್ದು ಪಕ್ಕದ ಫ್ಲಾರೆನ್ಸಿನ ಕಾಂಟೆಂಪೊ. ಅಪೆನ್ನೀನ್ ಬೆಟ್ಟಸಾಲಿನ ಆಚೆ, ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಆದರೆ ಕಾಂಟೆಂಪೊ ಹೆಸರು ಮಾಡಿದ್ದು ಬೇರೆಯದೇ ಸಂಗೀತದಿಂದ: ನ್ಯೂ ವೇವ್, ಗಾಥಿಕ್ ರಾಕ್, ಎಲೆಕ್ಟ್ರಾನಿಕ್ ಇಂಡಸ್ಟ್ರಿಯಲ್. ಫ್ಲಾರೆನ್ಸಿನ ಪಾಂಕೋವ್, ಇಂಗ್ಲೆಂಡಿನ ಕ್ಲಾಕ್ ಡಿವಿಎ ಮುಂತಾದವರ ಮನೆ ಅದು.

ನನ್ನ ಅಂದಾಜಿನಲ್ಲಿ ತಂಡದ ಅದೃಷ್ಟ ವಾಲಿದ್ದು ಇಲ್ಲಿಯೇ. ಲೇಬಲ್ ಎಂದರೆ ಕೇವಲ ತಟ್ಟೆ ಅಚ್ಚು ಹಾಕುವವರಲ್ಲ. ಯಾವ ಊರಿನ ಯಾವ ಅಂಗಡಿಯವನು ಈ ಬಗೆಯ ಸರಕನ್ನು ಮುಂದಿನ ಸಾಲಿನಲ್ಲಿ ಇಡುತ್ತಾನೆ, ಯಾವ ಪತ್ರಿಕೆಯ ಯಾವ ವಿಮರ್ಶಕನಿಗೆ ಪ್ರತಿ ಕಳಿಸಬೇಕು, ಯಾವ ದೊಡ್ಡ ತಂಡದ ಪ್ರವಾಸದಲ್ಲಿ ಆರಂಭದ ಅರ್ಧ ಗಂಟೆ ಸಿಗಬಹುದು ಎಂಬುದೆಲ್ಲ ಅದರ ನಿಜವಾದ ಬಂಡವಾಳ. ಕಪ್ಪು ಕೋಟು ತೊಟ್ಟು ಸಿಂಥಸೈಜರ್ ಕೇಳುವ ಗ್ರಾಹಕರ ವಿಳಾಸಪಟ್ಟಿ ಇಟ್ಟುಕೊಂಡು ಡೆತ್ ಮೆಟಲ್ ಮಾರಲು ಹೊರಡುವುದು, ಅಕ್ಕಸಾಲಿಗರ ಬೀದಿಯಲ್ಲಿ ಎತ್ತಿನ ಲಾಳ ಮಾರಿದಂತೆ. ಲಾಳ ಎಷ್ಟೇ ಗಟ್ಟಿಯಾಗಿರಲಿ, ಅದು ಬೇಕಾದವನು ಆ ಬೀದಿಗೆ ಬರುವುದಿಲ್ಲ. ಮೇಲಾಗಿ, ಕಾಂಟೆಂಪೊ ಲೇಬಲ್ಲಿನ ದಿನಗಳೂ ಆ ಹೊತ್ತಿಗೆ ಮುಗಿಯುತ್ತ ಬಂದಿದ್ದವು. ಅಚ್ಚಾದ ಪ್ರತಿಗಳು ಖರ್ಚಾದ ಮೇಲೆ ಮತ್ತೆ ಅಚ್ಚು ಹಾಕಿಸುವವರು ಇರಲಿಲ್ಲ. ಆಲ್ಬಮ್ ಸಂಗ್ರಹಕಾರರು ಹುಡುಕುವ ವಸ್ತುವಾಯಿತು.

ಕಾಲವೂ ಕೈಕೊಟ್ಟಿತು. 1993 ಡೆತ್ ಮೆಟಲ್ಲಿನ ಉಬ್ಬರದ ವರ್ಷವೂ ಹೌದು, ಇಳಿತದ ಆರಂಭವೂ ಹೌದು. ಒಂದು ಕಡೆ ಅಮೆರಿಕದ ದೊಡ್ಡ ಕಂಪನಿಗಳು ಈ ಸಂಗೀತಕ್ಕೆ ಕೈಹಾಕಿದ್ದವು. ಮಾರ್ಬಿಡ್ ಏಂಜೆಲ್ ತಂಡದ ಆ ವರ್ಷದ ಆಲ್ಬಮ್ ಅಮೆರಿಕದಲ್ಲಿ ವಾರ್ನರ್ ಬಳಗದ ಜೈಂಟ್ ರೆಕಾರ್ಡ್ಸ್ ಮೂಲಕವೇ ಹೊರಬಂತು. ಇನ್ನೊಂದು ಕಡೆ, ಅದೇ ವರ್ಷ ತಮ್ಮ ಅತ್ಯಂತ ಸಾಹಸದ ಕೃತಿಗಳನ್ನು ಕೊಟ್ಟ ಸಿನಿಕ್, ಪೆಸ್ಟಿಲೆನ್ಸ್ ಮುಂತಾದ ತಂಡಗಳು ಮರುವರ್ಷವೇ ಮುರಿದುಬಿದ್ದವು. ಪತ್ರಿಕೆಗಳ ಕಣ್ಣು ಉತ್ತರಕ್ಕೆ, ಬ್ಲ್ಯಾಕ್ ಮೆಟಲ್ ಎಂಬ ಇನ್ನೊಂದು ಕವಲಿನ ಕಡೆಗೆ ತಿರುಗಿತ್ತು. ನಾರ್ವೆಯಲ್ಲಿ 1992ರ ಜೂನ್‌ನಲ್ಲಿ ಫಾಂಟಾಫ್ಟ್‌ನ ಮರದ ಚರ್ಚು ಸುಟ್ಟುಹೋಗಿತ್ತು, 1993ರ ಆಗಸ್ಟ್‌ನಲ್ಲಿ ಯೂರಾನಿಮಸ್ ಎಂಬ ಬ್ಲ್ಯಾಕ್ ಮೆಟಲ್ ಗಿಟಾರ್ ವಾದಕನ ಕೊಲೆಯಾಯಿತು. ಬೆಂಕಿ ಮತ್ತು ರಕ್ತದ ಸುದ್ದಿಯ ಮುಂದೆ, ಬೊಲೊನ್ಯಾದ ಹುಡುಗರು ಗಿಟಾರನ್ನು ಎಷ್ಟು ಶುದ್ಧವಾಗಿ ನುಡಿಸುತ್ತಾರೆ ಎಂಬ ಸುದ್ದಿಗೆ ಯಾರು ಕಿವಿಗೊಡುತ್ತಾರೆ? ಡೆತ್ ಮೆಟಲ್ ನಿನ್ನೆಯ ಮಾತಾಯಿತು, ಬ್ಲ್ಯಾಕ್ ಮೆಟಲ್ ಇಂದಿನ ಮಾತಾಯಿತು. ಈ ಬದಲಾವಣೆಯ ಹಿಂದೆ ಸಂಗೀತದ ಕಾರಣ ಎಷ್ಟಿತ್ತು, ಸುದ್ದಿಯ ಕಾರಣ ಎಷ್ಟಿತ್ತು ಎಂದು ಕೇಳಿದರೆ, ನಾನು ಸುದ್ದಿಯ ತಕ್ಕಡಿಯೇ ಕೆಳಗಿಳಿಯುತ್ತದೆ ಎನ್ನುತ್ತೇನೆ.

ಇಟಲಿಯ ಹುಡುಗರಿಗೆ ಇನ್ನೊಂದು ತೊಡಕಿತ್ತು. ಹೊರದೇಶದ ಕೇಳುಗರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಆ ದೇಶದಲ್ಲಿ 2004ರವರೆಗೂ ಗಂಡುಮಕ್ಕಳಿಗೆ ಕಡ್ಡಾಯ ಸೈನಿಕ ಸೇವೆಯಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಅದರ ಅವಧಿ ಹನ್ನೆರಡು ತಿಂಗಳು. ಬಂದೂಕು ಹಿಡಿಯಲು ಮನಸ್ಸೊಪ್ಪದವರಿಗೆ 1972ರ ಕಾನೂನಿನಂತೆ ನಾಗರಿಕ ಸೇವೆಯ ದಾರಿಯಿತ್ತಾದರೂ, ಅದೂ ಅಷ್ಟೇ ಕಾಲವನ್ನೋ ಇನ್ನೂ ಹೆಚ್ಚನ್ನೋ ನುಂಗುತ್ತಿತ್ತು. ಇಪ್ಪತ್ತರ ಆಜುಬಾಜಿನ ನಾಲ್ಕು ಜನರ ತಂಡವೆಂದರೆ ನಾಲ್ಕು ಕರೆಪತ್ರಗಳು, ಅವೂ ಒಟ್ಟಿಗೆ ಬಾರದೆ ಒಂದರ ಹಿಂದೊಂದು. ಡ್ರಮ್ಮರ್ ಮರಳುವಷ್ಟರಲ್ಲಿ ಗಿಟಾರಿಸ್ಟ್ ಹೊರಡುತ್ತಾನೆ. ಇದು ಆ ಪೀಳಿಗೆಯ ಪ್ರತಿಯೊಂದು ಇಟಾಲಿಯನ್ ತಂಡದ ನೆತ್ತಿಯ ಮೇಲೂ ತೂಗುತ್ತಿದ್ದ ಕತ್ತಿ. ದೂರದೂರಿನ ಕ್ಯಾಸೆಟ್ಟು ಬಂದು ಬೀಳುತ್ತಿದ್ದ ಅಂಚೆ ಪೆಟ್ಟಿಗೆಯಲ್ಲೇ ಸೈನ್ಯದ ಕರೆಯ ಕಾರ್ಡೂ ಬಂದು ಬೀಳುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಸಂಗೀತದ ಬಗ್ಗೆ ಮಾತಾಡದಿದ್ದರೆ ಊಟದ ಮನೆಗೆ ಹೋಗಿ ಬಾಳೆ ಎಲೆಯನ್ನಷ್ಟೇ ಹೊಗಳಿ ಬಂದಂತಾಗುತ್ತದೆ. 'ಇನ್‌ಸೈಡ್ ದಿ ಅನ್‌ರಿಯಲ್' ಡೆತ್ ಮೆಟಲ್ಲಿಗೂ ಮುಂಚಿನ ವೇಗದ ಶೈಲಿಯಾದ ಥ್ರ್ಯಾಷ್ ಮೆಟಲ್ಲಿನ ಎಲುಬುಗಳ ಮೇಲೆ ಬೆಳೆದ ಡೆತ್ ಮೆಟಲ್. ಅಮೆರಿಕದ ಫ್ಲಾರಿಡಾ ಶೈಲಿಯ ಋಣ ಮೊದಲ ನಿಮಿಷದಲ್ಲೇ ಕಿವಿಗೆ ಬೀಳುತ್ತದೆ, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಿಲ್ಲ. ರಿಫ್ ಎಂದರೆ ಗಿಟಾರಿನ ಪುನರಾವರ್ತಿತ ಪಲುಕು ಎಂದಿಟ್ಟುಕೊಂಡರೆ, ಇಲ್ಲಿ ಒಂದು ರಿಫ್ ನಮಗೆ ಒಗ್ಗುವಷ್ಟರಲ್ಲಿ ಅದನ್ನು ಕೈಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತಾರೆ. ಆದರೆ ಜಿಗಿತಗಳ ನಡುವೆ ದಾರಿ ತಪ್ಪುವುದಿಲ್ಲ. ಹಾಡಿನ ಕೊನೆಗೆ ಬಂದಾಗ ಎಲ್ಲಿಂದ ಹೊರಟಿದ್ದೆವು ಎಂಬ ನೆನಪು ಉಳಿದಿರುತ್ತದೆ. ಆ ಬಗೆಯ ಸಂಗೀತದಲ್ಲಿ ಇದು ಸುಲಭದ ಮಾತಲ್ಲ. ವೇಗವಾಗಿ ನುಡಿಸುವವರು ಸಾವಿರ ಜನ ಸಿಗುತ್ತಾರೆ. ವೇಗದಿಂದ ನಿಧಾನಕ್ಕೆ ಇಳಿಯುವ ಜಾಗದಲ್ಲಿ ಕೇಳುಗನ ಕೈಬಿಡದೆ ಇಳಿಸುವವರು ಕಡಿಮೆ. ಬಂಡಿಯನ್ನು ಇಳಿಜಾರಿನಲ್ಲಿ ಹೊಡೆಯುವವನ ಜಾಣ್ಮೆ ಗೊತ್ತಾಗುವುದು ಹಗ್ಗ ಬಿಗಿ ಹಿಡಿಯುವಾಗಲೇ.

ಗಾಯಕ ಮಿಕ್ ಮೊಂತಾಗುತಿಯವರ ಧ್ವನಿ ಕೇವಲ ಹೊಟ್ಟೆಯಾಳದ ಗೊಗ್ಗರು ಗುಡುಗಲ್ಲ. ಅದರಲ್ಲಿ ಗಂಟಲು ಹರಿಯುವಂತಹ ಒಂದು ಒರಟು ಅಂಚಿದೆ, ಪದಗಳು ಅರ್ಧ ಕಾಣುತ್ತವೆ, ಅರ್ಧ ಮಸುಕಾಗುತ್ತವೆ. ಹಾಡುಗಳೆಲ್ಲ ಇಂಗ್ಲಿಷಿನಲ್ಲಿವೆ. ಇದರ ಬಗ್ಗೆ ನನ್ನದೊಂದು ಊಹೆ ಇದೆ. ಇಟಾಲಿಯನ್ ಭಾಷೆ ನಮ್ಮ ಕನ್ನಡದಂತೆಯೇ ಸ್ವರಾಂತ. ಪದಗಳು ಬಾಯಿ ತೆರೆದುಕೊಂಡೇ ಮುಗಿಯುತ್ತವೆ. ಅಪೆರಾ ಹಾಡುವವರಿಗೆ ಇದು ವರ, ಏಕೆಂದರೆ ಕೊನೆಯ ಸ್ವರವನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಆದರೆ ಡೆತ್ ಮೆಟಲ್ಲಿನ ಗರ್ಜನೆಗೆ ಬೇಕಾದದ್ದು ಎಳೆತವಲ್ಲ, ಹೊಡೆತ. 'ಡೆತ್' ಎಂಬ ಪದ ಬಾಗಿಲು ಬಡಿದಂತೆ ಮುಚ್ಚಿಕೊಳ್ಳುತ್ತದೆ. ಅದೇ ಅರ್ಥದ ಇಟಾಲಿಯನ್ನಿನ 'ಮೊರ್ತೆ' ಎಂಬ ಪದ ಕೊನೆಯಲ್ಲಿ ಒಂದು ಕಿಟಕಿ ತೆರೆದಿಡುತ್ತದೆ. ಕನ್ನಡದಲ್ಲಿ ಈ ಶೈಲಿಯನ್ನು ಪ್ರಯತ್ನಿಸುವವರಿಗೂ 'ಸಾವು' ಎಂಬ ಪದದ ಕೊನೆಯ ಉಕಾರ ಇದೇ ತೊಂದರೆ ಕೊಡಬಹುದು. ಮಾರುಕಟ್ಟೆಗಾಗಿ ಇಂಗ್ಲಿಷನ್ನು ಆರಿಸಿಕೊಂಡರು ಎಂಬುದು ಸುಲಭದ ವಿವರಣೆ. ಲಯಕ್ಕಾಗಿಯೂ ಆರಿಸಿಕೊಂಡಿರಬಹುದೆಂದು ನನ್ನ ಕಿವಿ ಹೇಳುತ್ತದೆ.

ಅದೇ 1993ರಲ್ಲಿ ಜಿನೋವಾದ ಸೇಡಿಸ್ಟ್ ತಂಡವೂ ತನ್ನ ಮೊದಲ ಆಲ್ಬಮ್ ತಂದಿತು. ಕೀಬೋರ್ಡಿನ ಬಳಕೆಯಿಂದ, ಇಟಲಿಯ ಹಳೆಯ ಭಯಾನಕ ಚಿತ್ರಗಳ ಹಿನ್ನೆಲೆ ಸಂಗೀತದ ವಾಸನೆಯಿಂದ ಅದು ತನ್ನ ಊರನ್ನು ಹಣೆಯ ಮೇಲೆ ಬರೆದುಕೊಂಡೇ ಬಂತು. ಆ ತಂಡ ನಡುವೆ ಬಿಡುವು ಕಂಡರೂ ಉಳಿಯಿತು. ಎಲೆಕ್ಟ್ರೊಕ್ಯೂಷನ್ ಅಂತಹ ಗುರುತು ಹಚ್ಚಿಕೊಳ್ಳಲಿಲ್ಲ. ಶುದ್ಧ ಡೆತ್ ಮೆಟಲ್ಲನ್ನು, ಫ್ಲಾರಿಡಾದವರಿಗೆ ಸರಿಸಮನಾಗಿ ನುಡಿಸಿ ತೋರಿಸುವುದೇ ಅವರಿಗೆ ಸಾಕೆನಿಸಿತ್ತು. ಉಳಿವಿನ ದೃಷ್ಟಿಯಿಂದ ಸೇಡಿಸ್ಟ್‌ನ ದಾರಿಯೇ ಜಾಣತನದ್ದು ಎಂದು ಇಂದು ಹೇಳುವುದು ಸುಲಭ. ಆದರೆ ಯಾವ ಆಲ್ಬಮ್ಮನ್ನು ಹೆಚ್ಚು ಬಾರಿ ಹಾಕಿಕೊಳ್ಳುತ್ತೇನೆ ಎಂದು ಪ್ರಾಮಾಣಿಕವಾಗಿ ಎಣಿಸಿದರೆ, ನನ್ನ ಲೆಕ್ಕ ಬೊಲೊನ್ಯಾದ ಕಡೆಗೇ ವಾಲುತ್ತದೆ.

ನಾನು ಈ ಆಲ್ಬಮ್ಮನ್ನು ಕೇಳಿದ್ದು ಅದು ಬಂದ ಬಹಳ ವರ್ಷಗಳ ನಂತರ. ಗೆಳೆಯನೊಬ್ಬ ಹಾಸ್ಟೆಲ್ಲಿನ ಕಂಪ್ಯೂಟರಿನಲ್ಲಿ ಸುಟ್ಟುಕೊಟ್ಟ ಸೀಡಿಯ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದದ್ದು 'ಇಟಲಿ, ಹಳೇದು' ಎಂಬ ಎರಡೇ ಪದ. ತಂಡದ ಹೆಸರು ಗೊತ್ತಾಗದೆ ಎಷ್ಟೋ ತಿಂಗಳು ಅದನ್ನು 'ಇಟಲಿ ಹಳೇದು' ಎಂದೇ ಕರೆಯುತ್ತಿದ್ದೆವು. ಮುಂದೆ ಮರುಮುದ್ರಣಗೊಂಡ ಪ್ರತಿಯೊಂದನ್ನು ಇಟಲಿಯಿಂದಲೇ ತರಿಸಿಕೊಂಡೆ. ಪೋಸ್ಟ್‌ಮ್ಯಾನ್ ಗೇಟಿನಲ್ಲಿ ಲಕೋಟೆಯನ್ನು ಅಲುಗಾಡಿಸಿ ನೋಡಿ, 'ಏನ್ಸಾರ್, ಇಟಲಿಯಿಂದ ಕನ್ನಡಕಾನಾ?' ಎಂದು ಕೇಳಿದರು. ಹಾಡಿನ ಸೀಡಿ ಎಂದೆ. 'ಈಗ್ಲೂ ಸೀಡಿ ತರಿಸ್ತೀರಾ ಸಾರ್' ಎಂದು ಸಹಿ ಹಾಕಿಸಿಕೊಂಡು ಹೋದರು. ಲಕೋಟೆಯ ಮೇಲಿನ ಅಂಚೆಚೀಟಿಗಳ ಮೇಲೆ ನಾನು ಬೆರಳಾಡಿಸಿ ನೋಡಿದೆ. ಅಂಟಿನ ಪೊರೆ ಇರಲಿಲ್ಲ.

ತಂಡ ಮತ್ತೆ ಒಂದಾದದ್ದು 2012ರಲ್ಲಿ. ಅಂಚೆಯ ಮೂಲಕ ಓಡಾಡಿದ ಹಳೆಯ ಕ್ಯಾಸೆಟ್ಟುಗಳು ಅಷ್ಟರಲ್ಲಿ ಅಂತರ್ಜಾಲಕ್ಕೆ ಏರಿದ್ದವು. 1993ರಲ್ಲಿ ಇನ್ನೂ ಹುಟ್ಟಿರದಿದ್ದ ಕೇಳುಗರು ಈ ಆಲ್ಬಮ್ಮನ್ನು ಇಟಲಿಯ ಡೆತ್ ಮೆಟಲ್ಲಿನ ಮುಖ್ಯ ಕೃತಿಗಳಲ್ಲಿ ಒಂದೆಂದು ಮಾತಾಡಿಕೊಳ್ಳುತ್ತಿದ್ದರು. ಮೊಂತಾಗುತಿಯವರ ಮುಂದಾಳುತನದಲ್ಲಿ ಎರಡನೆಯ ಆಲ್ಬಮ್ 'ಮೆಟಮಾರ್ಫೊಸಿಸ್' 2014ರಲ್ಲಿ ಬಂತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇಪ್ಪತ್ತೊಂದು ವರ್ಷ. ಲೀರಾ ಹೋಗಿ ಯೂರೊ ಬಂದಿತ್ತು, ಕಡ್ಡಾಯ ಸೈನಿಕ ಸೇವೆ ನಿಂತಿತ್ತು. 2019ರಲ್ಲಿ ಮೂರನೆಯದೂ ಬಂತು. ಈ ಹೊಸ ಆಲ್ಬಮ್‌ಗಳು ಕೆಟ್ಟವೆಂದು ನಾನು ಹೇಳಲಾರೆ. ಧ್ವನಿಮುದ್ರಣ ಸ್ವಚ್ಛವಾಗಿದೆ, ನುಡಿಸುವ ಕೈಗಳು ಇನ್ನಷ್ಟು ಪಳಗಿವೆ, ಪ್ರತಿಯೊಂದು ಪೆಟ್ಟೂ ಇರಬೇಕಾದ ಜಾಗದಲ್ಲೇ ಬೀಳುತ್ತದೆ.

ಹಾಗಿದ್ದರೂ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ನಾನು ಹುಡುಕುವುದು ಹಳೆಯದನ್ನೇ. ಅದರಲ್ಲಿ ಒಂದೆರಡು ಕಡೆ, ನಿಧಾನದ ಭಾಗ ಮುಗಿದು ವೇಗ ಮರಳಿ ಏರುವ ಗಳಿಗೆಯಲ್ಲಿ, ಡ್ರಮ್ಮು ಗಿಟಾರುಗಳಿಗಿಂತ ಕೂದಲೆಳೆಯಷ್ಟು ಮುಂದೆ ಓಡಿಬಿಟ್ಟಂತೆ ನನ್ನ ಕಿವಿಗೆ ಕೇಳುತ್ತದೆ. ಇಂದಿನ ಸ್ಟುಡಿಯೊದಲ್ಲಾಗಿದ್ದರೆ ಅದನ್ನು ಪರದೆಯ ಮೇಲೆ ಎಳೆದು ಸರಿಯಾದ ಗೆರೆಗೆ ಕೂರಿಸುತ್ತಿದ್ದರು. ಅಂದು ಹಾಗೆ ಕೂರಿಸಲಿಲ್ಲ. ಗಿಟಾರುಗಳು ಅರ್ಧ ಉಸಿರಿನಲ್ಲಿ ಹಿಂದೆಯೇ ಓಡಿ ಬಂದು ಕೂಡಿಕೊಳ್ಳುತ್ತವೆ, ಅಲ್ಲಿಂದ ನಾಲ್ವರೂ ಒಟ್ಟಿಗೆ ಹೋಗುತ್ತಾರೆ. ನಾನು ಆ ಜಾಗವನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳುತ್ತೇನೆ.